ಹತ್ತುಮೀನು ಕಡಿಯೋರನ್ನ ಬೈಯೋ ಮೊದಲು ಚೆಕ್ ಡ್ಯಾಂ ಬುಡಕ್ಕೆ ಹೋಗಿ ನೋಡಿ ಬನ್ನಿ

ಮಿರ್ಗದ ಮಳೆ ಈ ಸಲ ತಡವಾಗಿ ಹಿಡೀತು. ಹಿಡಿದ ಮೇಲೆ ಬಿಟ್ಟಿಲ್ಲ. ಮೂರನೇ ದಿನ ರಾತ್ರಿ ಊಟ ಮಾಡ್ತಾ ಇದ್ದಾಗ ತೋಟದ ಕೆಳಗಿನ ಹಳ್ಳದ ಸದ್ದು ಬದಲಾಯ್ತು. ಅದು ಗೊತ್ತಾಗತ್ತೆ. ತಿಳಿನೀರಿನ ಸದ್ದು ಬೇರೆ, ಕೆಂಪು ನೀರಿನ ಸದ್ದು ಬೇರೆ. ಕೈ ತೊಳೆದು ಟಾರ್ಚು ತಗೊಂಡು ಹೊರಟೆ. ಮೊದಲ ಕೆಂಪು ನೀರು ಬಂದ ರಾತ್ರಿ ಮನೇಲಿ ಕೂರೋದು ನಮ್ಮ ಕಡೆಯವರಿಗೆ ಆಗದ ಕೆಲಸ.

ಚೆಕ್ ಡ್ಯಾಂ ಹತ್ರ ನನಗಿಂತ ಮೊದಲೇ ಆರು ಜನ ಇದ್ರು. ಎರಡು ಹೆಡ್‌ಲೈಟು, ನಾಲ್ಕು ಕತ್ತಿ, ಒಂದು ಗೊಬ್ಬರದ ಚೀಲ. ಚೀಲ ಆಗಲೇ ಅರ್ಧ ತುಂಬಿತ್ತು. ಗೋಡೆ ಕೆಳಗೆ ಹಾಸಿದ್ದಾರಲ್ಲ ಕಾಂಕ್ರೀಟು, ಅದರ ಮೇಲೆ ಒಂದು ಗೇಣು ನೀರು. ಆ ಗೇಣು ನೀರಲ್ಲಿ ಮುಗುಡು, ಚೇಳುಮೀನು, ಸಸಲು, ಅಲ್ಲೊಂದು ಇಲ್ಲೊಂದು ಗೆಂಡೆ. ಗೋಡೆಗೆ ಹೋಗಿ ಬಡಿಯೋದು, ಬೀಳೋದು, ತಿರುಗಿ ಬಡಿಯೋದು. ಒಬ್ಬರೂ ಓಡಾಡಬೇಕಾಗಿರಲಿಲ್ಲ, ನಿಂತಲ್ಲೇ ಕಡೀತಿದ್ರು. ಕೆಲವನ್ನ ಕೈಯಲ್ಲೇ ಹೆಕ್ಕಿದ್ರು. ಒಂದು ಮುಗುಡನ್ನ ನಾನೇ ಎತ್ತಿ ನೋಡಿದೆ, ಹೊಟ್ಟೆ ಒತ್ತಿದ್ರೆ ಮೊಟ್ಟೆ ಬರ್ತಿತ್ತು. ಮೂತಿ ಗಾಯ ಆಗಿ ಬೆಳ್ಳಗಾಗಿತ್ತು. ಕತ್ತಿ ತಾಗಿದ್ದಲ್ಲ ಅದು, ಸಿಮೆಂಟು ತಾಗಿದ್ದು.

ಬೆಳಿಗ್ಗೆ ಎದ್ದು ಮೊಬೈಲು ನೋಡಿದ್ರೆ ಪ್ರತೀ ವರ್ಷದ ಮೆಸೇಜು ಬಂದಿತ್ತು. ಗರ್ಭಿಣಿ ಮೀನನ್ನ ಕೊಲ್ಲಬೇಡಿ, ಹತ್ತುಮೀನು ಹಿಡಿಯೋರು ಪಾಪಿಗಳು, ಅವರಿಗೆ ಕೇಸು ಹಾಕಿ ಅಂತ. ಕಳಿಸಿದವರು ನಮ್ಮೂರಿನವರೇ, ಬೆಂಗಳೂರಲ್ಲಿ ಇರೋರು. ಒಳ್ಳೆ ಮನಸ್ಸಿನವರೇ, ಅನುಮಾನ ಇಲ್ಲ. ಆದ್ರೆ ಈ ಮೆಸೇಜು ಓದಿದಾಗೆಲ್ಲ ನನಗೆ ಸಿಟ್ಟು ಬರತ್ತೆ. ಯಾಕೆ ಅಂತ ಇವತ್ತು ಉದ್ದಕ್ಕೆ ಬರೀತೀನಿ, ಪುರುಸೊತ್ತು ಇದ್ದವರು ಓದಿ. ಮಳೆ ಬೇರೆ ಹೊಯ್ತಾ ಇದೆ, ನನಗೂ ಅಡಿಕೆಗೆ ಔಷಧಿ ಹೊಡಿಯೋ ಹಾಗಿಲ್ಲ.

ಘಟ್ಟದ ಮೇಲಿನವರಲ್ಲದವರಿಗೆ ಒಂದು ಮಾತು ಹೇಳಿಬಿಡ್ತೀನಿ. ಮಳೆಗಾಲದ ಮೊದಲ ನೆರೆಗೆ ಹೊಳೆಯ ಮೀನು ಹಳ್ಳಕ್ಕೆ, ಹಳ್ಳದಿಂದ ಸರಕ್ಕೆ, ಸರದಿಂದ ಗದ್ದೆಗೆ ಹತ್ತಿ ಬರ್ತಾವೆ. ಅದಕ್ಕೇ ಹತ್ತುಮೀನು. ತುಳುನಾಡಲ್ಲಿ ಇದನ್ನೇ ಉಬರ್ ಅಂತಾರೆ, ಕೇರಳದವರು ಊತ್ತ ಅಂತಾರೆ. ಹೊಳೇಲಿ ನೆರೆ ಬಂದಾಗ ಮೊಟ್ಟೆ ಇಟ್ರೆ ಕೊಚ್ಚಿಕೊಂಡು ಹೋಗತ್ತೆ, ಉಳಿದದ್ದನ್ನ ದೊಡ್ಡ ಮೀನು ತಿನ್ನತ್ತೆ. ಗದ್ದೇಲಿ ಹಾಗಲ್ಲ. ಮೊಣಕಾಲಿಗಿಂತ ಕಮ್ಮಿ ನೀರು, ಬಿಸಿಲು ಬಿದ್ರೆ ಬೆಚ್ಚಗಾಗತ್ತೆ, ಹುಲ್ಲು ಕೊಳೆತ ಜಾಗದಲ್ಲಿ ಕಣ್ಣಿಗೆ ಕಾಣದ ಹುಳ ತುಂಬಿರತ್ತೆ. ಸಸಲು ಗೆಂಡೆ ಹುಲ್ಲಿನ ಬುಡಕ್ಕೆ ಮೊಟ್ಟೆ ಅಂಟಿಸ್ತಾವೆ. ಮುಗುಡು ಅಂಚಿನ ಬುಡದಲ್ಲಿ ಗುಂಡಿ ಮಾಡಿಕೊಳ್ಳತ್ತೆ. ಅವಲು ಮೀನಂತೂ ಮೊಟ್ಟೆ ಒಡೆದ ಮೇಲೂ ಮರಿಗಳ ಕೆಳಗೇ ಕಾವಲು ತಿರುಗತ್ತೆ, ಮೇಲಿಂದ ನೋಡಿದ್ರೆ ಕೆಂಪು ಚೆಂಡು ತೇಲಿದ ಹಾಗೆ ಕಾಣೋದು ಅದರ ಮರಿಗಳ ಹಿಂಡು. ಮಳೆ ಕಮ್ಮಿಯಾಗಿ ಗದ್ದೆ ನೀರು ಬಸಿಯೋ ಹೊತ್ತಿಗೆ ಮರಿ ಎಲ್ಲ ಕಂಡಿ ಹಾದು ತಿರುಗಿ ಹಳ್ಳಕ್ಕೆ. ಅಂದ್ರೆ ಹೊಳೆಯ ಎಷ್ಟೋ ಮೀನಿಗೆ ಬಾಣಂತಿ ಕೋಣೆ ಇರೋದು ನಮ್ಮ ಗದ್ದೇಲಿ. ಬಾಗಿಲು ಇರೋದು ಹಳ್ಳದಲ್ಲಿ.

ಈಗ ಆ ಬಾಗಿಲಿನ ಕತೆ.

ಮೇ ತಿಂಗಳ ಕೊನೇಲಿ ನಾನು ಮತ್ತೆ ಪಕ್ಕದ ಮನೆ ಹುಡುಗ ನಮ್ಮ ಹಳ್ಳ ಹೊಳೆ ಸೇರೋ ಜಾಗದಿಂದ ನಮ್ಮ ಗದ್ದೆವರೆಗೆ ನಡೆದು ಬಂದ್ವಿ. ಹಳ್ಳದ ಒಳಗೇ ನಡೆದದ್ದು, ರಸ್ತೇಲಿ ಅಲ್ಲ. ಮೂರೂವರೆ ಕಿಲೋಮೀಟರು ಇರಬಹುದು. ಒಂದು ಮೀನು ಎಷ್ಟು ಕಡೆ ನಿಲ್ಲಬೇಕಾಗತ್ತೆ ಅಂತ ಲೆಕ್ಕ ಹಾಕೋದು ನಮ್ಮ ಕೆಲಸ. ಎರಡು ಚೆಕ್ ಡ್ಯಾಂ, ನಾಲ್ಕು ಮೋರಿ, ಒಂದು ಕಡೆ ತೋಟದವರು ಹಳ್ಳಕ್ಕೇ ತಡೆಗೋಡೆ ಕಟ್ಟಿ ಎಂಟು ಅಡಿ ಅಗಲದ ಹಳ್ಳವನ್ನ ಮೂರು ಅಡಿ ಚರಂಡಿ ಮಾಡಿದ್ದು. ದೇವರು ಮಾಡಿದ ಅಡ್ಡಿ ಒಂದೇ ಒಂದು, ಒಂದು ಸಣ್ಣ ಬಂಡೆ ಜಾರು. ಅದನ್ನ ಮೀನು ಸಾವಿರಾರು ವರ್ಷದಿಂದ ಹತ್ತುತ್ತಾ ಇದ್ದಾವೆ, ಅದಕ್ಕೆ ಯಾರ ಸಹಾಯವೂ ಬೇಡ.

ಮೋರಿ ವಿಷಯ ಯಾರೂ ಮಾತಾಡಲ್ಲ, ಅದಕ್ಕೇ ಮೊದಲು ಹೇಳ್ತೀನಿ. ರಸ್ತೆ ಅಡಿಗೆ ಹ್ಯೂಮ್ ಪೈಪು ಹಾಕೋವಾಗ ಹಳ್ಳದ ತಳಕ್ಕಿಂತ ಮೇಲೇ ಕೂರಿಸ್ತಾರೆ, ಅಗೆಯೋ ಕೆಲಸ ಉಳೀತು ಅಂತ. ಎರಡು ಮಳೆಗಾಲ ಕಳೆಯೋದ್ರೊಳಗೆ ಪೈಪಿನ ಬಾಯಿ ಕೆಳಗೆ ನೀರು ಬಿದ್ದು ಬಿದ್ದು ಮಣ್ಣು ಕೊರೆದು ಹೋಗಿ ಪೈಪು ಗಾಳೀಲಿ ನೇತಾಡತ್ತೆ. ನಮ್ಮ ಎರಡನೇ ಮೋರಿ ಈಗ ತಳದಿಂದ ಎರಡೂಕಾಲು ಅಡಿ ಮೇಲಿದೆ. ಹಾರಿ ಒಳಗೆ ಬಿದ್ರೂ ಒಳಗಡೆ ನುಣ್ಣನೆ ಸಿಮೆಂಟು, ತೆಳ್ಳಗೆ ರಭಸದ ನೀರು, ನಿಂತು ದಣಿವಾರಿಸಿಕೊಳ್ಳೋಕೆ ಒಂದು ಕಲ್ಲಿಲ್ಲ. ಬೆರಳುದ್ದದ ಸಸಲು ಇಪ್ಪತ್ತು ಅಡಿ ಪೈಪಲ್ಲಿ ಒಂದೇ ಉಸಿರಿಗೆ ಈಜಬೇಕು. ಅದೇ ಜಾಗದಲ್ಲಿ ಹಳೇ ಕಲ್ಲಿನ ಸಂಕ ಇತ್ತು, ಅಡಿಯಲ್ಲಿ ಹಳ್ಳ ಹಳ್ಳದ ಹಾಗೇ ಹರೀತಿತ್ತು. ಅದನ್ನ ಕಿತ್ತು ಪೈಪು ಹಾಕಿದ್ದಕ್ಕೆ ಅಭಿವೃದ್ಧಿ ಅಂತ ಬೋರ್ಡು ಬೇರೆ ಹಾಕಿದ್ರು.

ಚೆಕ್ ಡ್ಯಾಂ ಹಾಗಲ್ಲ, ಅದನ್ನ ಎಲ್ಲರೂ ಹೊಗಳ್ತಾರೆ. ನಾನೂ ಹೊಗಳಿದ್ದೆ. ಮುಚ್ಚಿಡೋದು ಎಂತಕ್ಕೆ, ಆ ಕೆಳಗಿನ ಚೆಕ್ ಡ್ಯಾಂ ಬೇಕು ಅಂತ ಕೊಟ್ಟ ಅರ್ಜೀಲಿ ಮೂರನೇ ಸಹಿ ನಂದೇ. ಬೇಸಿಗೇಲಿ ತೋಟಕ್ಕೆ ನೀರು ಸಾಲ್ತಿರಲಿಲ್ಲ, ಬಾವಿ ಫೆಬ್ರವರಿಗೇ ಕಲ್ಲು ಕಾಣ್ತಿತ್ತು. ಸಹಿ ಹಾಕಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಎಂತಾ ಡ್ಯಾಂ ಅಂತ ಕೇಳದೇ ಹಾಕಿದ್ದಕ್ಕೆ ಇದೆ.

ಗೋಡೆಗೆ ಮೂರು ಕಿಂಡಿ, ಕಿಂಡಿಗೆ ಹಲಗೆ. ಮಳೆ ನಿಂತ ಮೇಲೆ ಹಲಗೆ ಹಾಕಬೇಕು, ಮಳೆಗಾಲಕ್ಕೆ ಮುಂಚೆ ತೆಗೀಬೇಕು. ಇಷ್ಟೇ ಸೂತ್ರ. ಹಾಕೋಕೆ ಎಲ್ಲರೂ ಬರ್ತಾರೆ, ನೀರು ಬೇಕಲ್ಲ. ತೆಗೆಯೋಕೆ ಯಾರು? ಕಟ್ಟಿಸಿದವರನ್ನ ಕೇಳಿದ್ರೆ ಬಳಕೆದಾರರು ತೆಗೀಬೇಕು ಅಂತಾರೆ. ಬಳಕೆದಾರರು ಅಂದ್ರೆ ನಾವೇ ಹದಿನಾಲ್ಕು ಮನೆ, ಅದ್ರಲ್ಲಿ ಮಾತಾಡೋ ಮನೆ ಎಂಟು. ಹಲಗೆ ನೀರು ಕುಡಿದು ಉಬ್ಬಿ ಕಚ್ಚಿಕೊಂಡಿರತ್ತೆ, ಹಾರೆ ಹಾಕಿ ಎತ್ತಬೇಕು. ಎರಡು ವರ್ಷ ತೆಗೆದ್ವಿ. ಆಮೇಲೆ ಬಿಟ್ವಿ. ಹೂಳು ತುಂಬ್ತು. ಈಗ ಅದರಲ್ಲಿ ಮಾರ್ಚಿಗೆ ನಿಲ್ಲೋ ನೀರು ಮೊದಲ ವರ್ಷದ ಕಾಲು ಭಾಗವೂ ಇಲ್ಲ. ಅಂದ್ರೆ ಬೇಸಿಗೇಲಿ ನಮಗೆ ನೀರು ಕೊಡದ, ಮಳೆಗಾಲದಲ್ಲಿ ಮೀನಿಗೆ ದಾರಿ ಕೊಡದ ಒಂದು ಗೋಡೆ ಅಲ್ಲಿ ನಿಂತಿದೆ. ಹೂಳು ಹೊರಗೆ ಹೋಗೋದೂ ಅದೇ ಕಿಂಡೀಲಿ, ಮೀನು ಒಳಗೆ ಬರೋದೂ ಅದೇ ಕಿಂಡೀಲಿ. ಹಲಗೆ ತೆಗೆದಿದ್ರೆ ಎರಡೂ ಆಗ್ತಿತ್ತು. ಮೀನು ಮುಖ್ಯವಾ ನೀರು ಮುಖ್ಯವಾ ಅಂತ ನನ್ನ ಹತ್ರ ಜಗಳಕ್ಕೆ ಬರೋರು ಇದನ್ನ ಒಂದು ಸಲ ಯೋಚನೆ ಮಾಡಿ. ಜೂನು ಜುಲೈಯಲ್ಲಿ ಹಳ್ಳದ ನೀರು ತಡೆದಿಟ್ಟು ನಾವು ಎಂತ ಮಾಡ್ತೀವಿ ಮಾರಾಯ್ರೆ? ಆ ಎರಡು ತಿಂಗಳು ಮೀನಿಗೂ ನಮಗೂ ಜಗಳವೇ ಇಲ್ಲ. ಜಗಳ ಇರೋದು ನಮ್ಮ ಸೋಮಾರಿತನಕ್ಕೂ ಮೀನಿಗೂ.

ಘಟ್ಟದ ಕೆಳಗೆ, ದಕ್ಷಿಣ ಕನ್ನಡ, ಕಾಸರಗೋಡು ಕಡೆ ಕಟ್ಟ ಕಟ್ಟೋ ಪದ್ಧತಿ ಇದೆ. ಮಳೆ ಬಿಟ್ಟ ಮೇಲೆ ಊರವರೇ ಸೇರಿ ಕಲ್ಲು ಮಣ್ಣು ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ತಾರೆ, ಅಡಿಕೆ ತೋಟಕ್ಕೆ ನೀರಾಗತ್ತೆ, ಸುತ್ತಲ ಬಾವಿ ಏರತ್ತೆ. ಮುಂದಿನ ಮಳೆಗಾಲದ ನೆರೆಗೆ ಕಟ್ಟ ಕೊಚ್ಚಿಕೊಂಡು ಹೋಗತ್ತೆ. ಪ್ರತೀ ವರ್ಷ ಕಟ್ಟಬೇಕಲ್ಲ, ಶ್ರಮ ದಂಡ ಅಂತ ಜನ ಅದನ್ನ ಬಿಟ್ಟು ಕಾಂಕ್ರೀಟಿಗೆ ಹೋದ್ರು. ನಮ್ಮಲ್ಲೂ ದೊಡ್ಡಪ್ಪನ ಕಾಲದಲ್ಲಿ ಹಳ್ಳಕ್ಕೆ ಅಂಥದ್ದೇ ಒಡ್ಡು ಹಾಕ್ತಿದ್ರು. ಅದು ಹೋಗೋದು ಅದರ ದೋಷ ಅಂತ ನಾವು ತಿಳಿದಿದ್ವಿ. ಹೋಗೋದೇ ಅದರ ಗುಣ ಆಗಿತ್ತು. ಮೀನು ಬರೋ ಹೊತ್ತಿಗೆ ಒಡ್ಡು ಇರ್ತಿರಲಿಲ್ಲ.

ದೊಡ್ಡಪ್ಪನ ಹೆಸರು ಹೇಳಿದ ತಕ್ಷಣ ಹಳೆ ಕಾಲ ಬಂಗಾರ ಅಂತ ಶುರು ಮಾಡ್ತಾನೆ ಅಂದ್ಕೋಬೇಡಿ. ಅವರೂ ಹತ್ತುಮೀನು ಕಡಿದವರೇ. ಕತ್ತಿ ಹಿಡಿದು ರಾತ್ರಿ ಗದ್ದೆ ಅಂಚಲ್ಲಿ ಓಡಿದ್ದು ನಾನೇ ನೋಡಿದ್ದೀನಿ, ಹಿಂದೆ ದೊಂದಿ ಹಿಡಿದಿದ್ದು ನಾನೇ. ಆದ್ರೆ ಅವತ್ತು ಮೀನು ಒಂದೇ ಕಡೆ ಸಿಗ್ತಿರಲಿಲ್ಲ. ಹಳ್ಳ, ಸರ, ಕಾಲುವೆ, ನೂರು ಗದ್ದೆ, ಎಲ್ಲಿ ಅಂತ ಓಡ್ತೀರಿ? ಹತ್ತು ಕಡಿದ್ರೆ ನೂರು ತಪ್ಪಿಸಿಕೊಂಡು ಗದ್ದೆ ಸೇರ್ತಿದ್ವು. ಕೂಣಿ ಒಡ್ಡಿದ್ರೂ ಪಕ್ಕದಲ್ಲಿ ದಾರಿ ಇರ್ತಿತ್ತು. ಈಗ ಮೂರೂವರೆ ಕಿಲೋಮೀಟರಿನ ಮೀನು ಪೂರ್ತಿ ಬಂದು ಒಂದು ಗೋಡೆ ಬುಡದಲ್ಲಿ ಮನೆ ಕೋಣೆಯಷ್ಟು ಜಾಗದಲ್ಲಿ ನಿಲ್ಲತ್ತೆ. ಗೋಡೆ ಬುಡದಲ್ಲಿ ಆಳವಾದ ಗುಂಡಿ ಇದ್ರೆ ಹಾರೋ ಮೀನಾದ್ರೂ ಹಿಂದೆ ಸರಿದು ಜಿಗೀತಿತ್ತು, ಅಲ್ಲಿ ಕಾಂಕ್ರೀಟು ಹಾಸಿ ಅದನ್ನೂ ತಪ್ಪಿಸಿದ್ದೀವಿ. ಕತ್ತಿ ಹಿಡಿದವನು ಬರದೇ ಇದ್ರೂ ಆ ಮೀನು ಮೊಟ್ಟೆ ಇಡಲ್ಲ. ಬೆಳಗಾಗೋದ್ರೊಳಗೆ ನೀರು ಇಳಿಯತ್ತೆ, ಕಾಗೆ ಬೆಳ್ಳಕ್ಕಿ ಬರ್ತಾವೆ.

ಹಾಗಾಗಿ ಆ ಆರು ಜನರಿಗೆ ಕೇಸು ಹಾಕಿ ಅಂತ ಮೆಸೇಜು ಕಳಿಸೋರಿಗೆ ನನ್ನ ಪ್ರಶ್ನೆ ಇದು: ಆ ಆರು ಜನರನ್ನ ಮನೆಗೆ ಕಳಿಸಿದ್ರೆ ಒಂದು ಮೀನಾದ್ರೂ ಗದ್ದೆ ಸೇರತ್ತಾ? ಅವರಲ್ಲಿ ನಾಲ್ಕು ಜನ ಕೂಲಿಗೆ ಹೋಗೋರು. ಮಳೆ ಹಿಡಿದು ವಾರ ಕೆಲಸ ಇಲ್ಲ. ಅವರ ಮನೆಗೆ ವರ್ಷದಲ್ಲಿ ದುಡ್ಡು ಕೊಡದೇ ಬರೋ ಮೀನು ಇದೊಂದೇ. ಅವರನ್ನ ಬೈಯೋದು ಸುಲಭ, ಯಾಕಂದ್ರೆ ಅವರು ಕಾಣ್ತಾರೆ, ಕೈಯಲ್ಲಿ ಕತ್ತಿ ಇರತ್ತೆ. ಸಹಿ ಹಾಕಿದ ನಾನು ಕಾಣಲ್ಲ. ಎಸ್ಟಿಮೇಟು ಬರೆದವರು ಕಾಣಲ್ಲ. ಕಡಿಯೋದು ಸರಿ ಅಂತ ನಾನು ಹೇಳ್ತಿಲ್ಲ. ಕೇರಳದಲ್ಲಿ 2010ರ ಒಳನಾಡು ಮೀನುಗಾರಿಕೆ ಕಾಯ್ದೇಲಿ ಮೊಟ್ಟೆ ಇಡೋಕೆ ಹತ್ತೋ ಮೀನು ಹಿಡಿಯೋದಕ್ಕೆ ತಡೆ ಇದೆ, ಒಳ್ಳೇದೇ. ನಮ್ಮಲ್ಲೂ ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಇಳಿಸೋ ಹಾಗಿಲ್ಲ, ಅದು ಮೀನು ಮರಿ ಮಾಡೋ ಕಾಲ ಅಂತ. ಅದೇ 61 ದಿನ ಹಳ್ಳದ ಮೀನಿಗೆ ಬಾಗಿಲು ಹಾಕಿ ಕೂತಿರ್ತೀವಿ. ಕತ್ತಿ ಹಿಡಿದವನಿಗೆ ಕಾನೂನು ಬೇಕು ಅನ್ನೋರು ಗೋಡೆ ಕಟ್ಟೋನಿಗೂ ಒಂದು ಕಾನೂನು ಕೇಳಬೇಕಲ್ವ?

ಇದು ನಮ್ಮ ಹಳ್ಳದ ಪುಟ್ಟ ಸಂಗತಿ ಅಂತ ತಳ್ಳಿಹಾಕೋರಿಗೆ ಗಂಗೆ ಉದಾಹರಣೆ ಇದೆ. 1975ರಲ್ಲಿ ಫರಕ್ಕಾ ಬ್ಯಾರೇಜು ಶುರುವಾದ ಮೇಲೆ ಸಮುದ್ರದಿಂದ ಹತ್ತಿ ಅಲಹಾಬಾದಿನವರೆಗೂ ಹೋಗ್ತಿದ್ದ ಇಲಿಶ್ ಮೀನು ಮೇಲಿನವರಿಗೆ ಸಿಗೋದೇ ನಿಂತುಹೋಯ್ತು. ಬಿಹಾರದ ಮೀನುಗಾರರ ಒಂದು ತಲೆಮಾರಿನ ಕಸುಬು ಹೋಯ್ತು. ಅಲ್ಲಿ ಬಲೆ ಹಾಕಿದವರು ಜಾಸ್ತಿ ಆಗಿ ಮೀನು ಹೋಗಿದ್ದಲ್ಲ, ದಾರಿ ಹೋದದ್ದಕ್ಕೆ ಮೀನು ಹೋದದ್ದು. ತಿರುಗಾ ದಾರಿ ಬಿಟ್ರೆ ಬರ್ತಾವಾ ಅಂತ ಕೇಳೋರಿಗೆ ಅಮೆರಿಕದ ಕ್ಲಾಮತ್ ನದಿ. ಅಲ್ಲಿ ನಾಲ್ಕು ಡ್ಯಾಂ ಒಡೆಯೋ ಕೆಲಸ 2024ರಲ್ಲಿ ಮುಗೀತು, ನದಿಯ ಮೂಲನಿವಾಸಿಗಳು ಎಷ್ಟೋ ವರ್ಷ ಹೋರಾಡಿ ಒಡೆಸಿದ್ದು. ಕೆಲವೇ ವಾರದಲ್ಲಿ, ಅದೇ ಅಕ್ಟೋಬರಿನಲ್ಲಿ, ಸಾಲ್ಮನ್ ಮೀನು ಡ್ಯಾಂ ಇದ್ದ ಜಾಗ ದಾಟಿ ಮೇಲಕ್ಕೆ ಹೋಯ್ತು. ನೂರು ವರ್ಷ ಆಗಿತ್ತು ಆ ಮೀನು ಅಲ್ಲಿಗೆ ಹೋಗದೆ. ನಾನು ನಮ್ಮ ಚೆಕ್ ಡ್ಯಾಂ ಒಡೀರಿ ಅಂತ ಹೇಳ್ತಿಲ್ಲ, ಗಾಬರಿ ಬೀಳಬೇಡಿ. ಮೀನು ಮರೆಯಲ್ಲ ಅಂತ ಹೇಳಿದೆ ಅಷ್ಟೆ.

ಒಡೆಯದೇ ಏನು ಮಾಡಬಹುದು ಅಂತ ನಾವು ಮೂರು ಮನೆಯವರು ಕಳೆದ ಎರಡು ಬೇಸಿಗೇಲಿ ಮೇಲಿನ ಚೆಕ್ ಡ್ಯಾಂನಲ್ಲಿ ಮಾಡಿ ನೋಡಿದ್ವಿ. ಮೊದಲ ವರ್ಷ ತಪ್ಪಾಯ್ತು, ಅದನ್ನೂ ಹೇಳ್ತೀನಿ. ಹಲಗೆ ತೆಗೆದ ಮೇಲೂ ಕಿಂಡಿಯ ಹೊಸ್ತಿಲು ಹಳ್ಳದ ತಳದಿಂದ ಎರಡು ಅಡಿ ಎತ್ತರ ಇದೆ. ಆ ಎರಡು ಅಡಿಗೆ ಒಂದು ಟ್ರ್ಯಾಕ್ಟರ್ ಲೋಡು ಕಲ್ಲು ತಂದು ಬುಡಕ್ಕೆ ರಾಶಿ ಸುರಿದ್ವಿ, ಇಳಿಜಾರಾಯ್ತಲ್ಲ ಅಂತ. ಆರಿದ್ರಾ ಮಳೆಯ ಮೊದಲ ನೆರೆಗೆ ಅರ್ಧ ಕಲ್ಲು ಹೋಯ್ತು. ಉಳಿದದ್ದರ ಸಂದೀಲಿ ನೀರು ಇಂಗಿಕೊಂಡು ಒಳಗೊಳಗೇ ಹರೀತು, ಮೇಲೆ ಮೀನು ಈಜೋಕೆ ನೀರೇ ಇಲ್ಲ. ಊರವರು ನಕ್ಕರು. ನಗೋ ಹಾಗೇ ಇತ್ತು.

ಎರಡನೇ ವರ್ಷ ಬುದ್ಧಿ ಬಂತು. ಒಂದು ಅಡಿ ಏರೋಕೆ ಇಪ್ಪತ್ತು ಅಡಿಯಾದ್ರೂ ಉದ್ದದ ಇಳಿಜಾರು ಬೇಕು ಅಂತ ಇದನ್ನ ಓದಿದವರು ಹೇಳ್ತಾರೆ, ಸಣ್ಣ ಮೀನಿಗೆ ಇನ್ನೂ ಉದ್ದ. ನಮ್ಮಲ್ಲಿ ಅಷ್ಟು ಜಾಗ ಇರಲಿಲ್ಲ. ಹಾಗಾಗಿ ಬಲಬದಿಯ ಒಂದು ಕಿಂಡಿಗೆ ಮಾತ್ರ, ದಡಕ್ಕೆ ಅಂಟಿಕೊಂಡ ಹಾಗೆ, ಮೆಟ್ಟಿಲಿನ ತರ ಐದು ಗುಂಡಿ ಮಾಡಿದ್ವಿ. ಒಂದೊಂದು ಗುಂಡಿಗೂ ಮುಂದಿನದಕ್ಕೂ ಐದು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲ. ಗುಂಡಿ ಕಟ್ಟಿದ್ದು ಇಬ್ಬರು ಹೊರೋವಷ್ಟು ದೊಡ್ಡ ಕಾಡುಗಲ್ಲಲ್ಲಿ, ಮೂರನೇ ಒಂದು ಭಾಗ ಹಳ್ಳದ ತಳಕ್ಕೆ ಹೂತು. ಸಂದಿಗೆ ಜೇಡಿಮಣ್ಣು ಜಲ್ಲಿ ಬಡಿದು ತುಂಬಿದ್ವಿ. ಪ್ರತೀ ಮೆಟ್ಟಿಲಲ್ಲೂ ಒಂದು ಕಡೆ ಗೇಣಗಲ ತಗ್ಗು, ನೀರು ಕಮ್ಮಿ ಇದ್ದಾಗಲೂ ಅಲ್ಲಿ ಹರೀಬೇಕು. ಮುಖ್ಯವಾದದ್ದು, ಮೆಟ್ಟಿಲಿನ ಬಾಯಿ ಗೋಡೆ ಬುಡದ ಹತ್ರಾನೇ ಬರೋ ಹಾಗೆ ಮಾಡಿದ್ವಿ. ಮೀನು ಗೋಡೆಗೆ ಬಡಿದ ಮೇಲೆ ಇಪ್ಪತ್ತು ಅಡಿ ಹಿಂದೆ ಹೋಗಿ ದಾರಿ ಹುಡುಕಲ್ಲ. ನೀರಿನ ಸೆಳೆತ ಎಲ್ಲಿ ಜೋರು ಅಲ್ಲಿಗೇ ಮೂತಿ ಇಡತ್ತೆ.

ಕೂಲಿ ನಮ್ಮದೇ, ಕಲ್ಲು ತೋಟದ್ದೇ. ಟ್ರ್ಯಾಕ್ಟರ್ ಬಾಡಿಗೆ, ಎರಡು ದಿನ ಇಬ್ಬರ ಸಂಬಳ, ಊಟ. ಚೆಕ್ ಡ್ಯಾಂ ಕಟ್ಟಿದ ದುಡ್ಡಿನ ಮುಂದೆ ಅದು ಲೆಕ್ಕಕ್ಕೇ ಬರಲ್ಲ. ಕಟ್ಟೋವಾಗಲೇ ಎಸ್ಟಿಮೇಟಿನಲ್ಲಿ ಸೇರಿಸಿದ್ರೆ ಇಷ್ಟೂ ಆಗ್ತಿರಲಿಲ್ಲ.

ಈ ಸಲ ಮಿರ್ಗದಲ್ಲಿ ಎಂತ ಆಯ್ತು ಅಂದ್ರೆ, ಸಸಲು ಹತ್ತಿದ್ವು. ಲೆಕ್ಕ ಇಡೋಕೆ ಆಗದಷ್ಟು. ಚೇಳುಮೀನು, ಮುಗುಡು ರಾತ್ರಿ ಹತ್ತಿದ್ದು ಕಣ್ಣಾರೆ ಕಂಡೆ, ಮೂರನೇ ಗುಂಡೀಲಿ ಸ್ವಲ್ಪ ಹೊತ್ತು ನಿಂತು ಆಮೇಲೆ ಮುಂದಕ್ಕೆ. ಗೆಂಡೆ ಹತ್ತಿದ್ದು ಒಂದೂ ಕಾಣಲಿಲ್ಲ, ಗುಂಡಿ ಆಳ ಸಾಲದಿರಬೇಕು. ನೆನಪಿಡಿ, ಇವೆಲ್ಲ ಕೆಳಗಿನ ಡ್ಯಾಂಗೂ ಮೇಲಿನ ಡ್ಯಾಂಗೂ ಮಧ್ಯೆ ಬೇಸಿಗೆ ಕಳೆದ ಮೀನು. ಹೊಳೆಯಿಂದ ಬಂದವು ಕೆಳಗಿನ ಗೋಡೇಲೇ ನಿಂತಿದ್ದು, ಮೇಲೆ ಬರೆದೆನಲ್ಲ ಚೀಲದ ಕತೆ, ಅದು ಅಲ್ಲಿಯದ್ದು.

ಸಣ್ಣ ಮೀನು ತಗೊಂಡು ಎಂತ ಮಾಡೋದು ಅಂತ ನಮ್ಮಲ್ಲೇ ಒಬ್ಬರು ಕೇಳಿದ್ರು. ಕೆರೆಗೆ ಕಾಟ್ಲಾ ರೋಹು ಮರಿ ದುಡ್ಡು ಕೊಟ್ಟು ತಂದು ಬಿಡ್ತಾರೆ, ಫೋಟೋ ತೆಗೀತಾರೆ. ಪ್ರತೀ ವರ್ಷ ದುಡ್ಡಿಲ್ಲದೇ ತಾನಾಗೇ ಬಂದು ಗದ್ದೇಲಿ ಬಿತ್ತನೆ ಮಾಡಿ ಹೋಗೋ ಮೀನಿಗೆ ಎರಡು ಹಲಗೆ ತೆಗೆಯೋರಿಲ್ಲ. ಹೊಳೇಲಿ ದೊಡ್ಡ ಮೀನು ಕಮ್ಮಿಯಾಯ್ತು, ನೀರುನಾಯಿ ಕಾಣಲ್ಲ ಅಂತ ಬೇಜಾರು ಮಾಡ್ಕೊಳ್ಳೋರಿಗೆ ಅವು ತಿನ್ನೋದು ಎಂತ ಅಂತ ಗೊತ್ತಿಲ್ವ?

ನನ್ನ ವಾದಕ್ಕೆ ನಾನೇ ಒಂದು ಅಡ್ಡಿ ಹೇಳಬೇಕು. ಹಳ್ಳ ಪೂರ್ತಿ ತೆರೆದ್ರೂ ಮೀನು ಹೋಗೋದೆಲ್ಲಿಗೆ? ಗದ್ದೆ ಎಲ್ಲಿದೆ? ನಮ್ಮ ಬಯಲಲ್ಲಿ ನಾನು ಹುಡುಗ ಇದ್ದಾಗ ಇದ್ದ ಗದ್ದೇಲಿ ಅರ್ಧಕ್ಕಿಂತ ಜಾಸ್ತಿ ಈಗ ಅಡಿಕೆ. ನನ್ನದೇ ಎರಡು ಮಡಿ ತೋಟ ಆಗಿದೆ. ಉಳಿದ ಗದ್ದೆಗೆ ಕಳೆನಾಶಕ ಹೊಡೀತಾರೆ, ಅದೂ ಮೀನು ಬರೋ ಹೊತ್ತಿಗೇ. ಭತ್ತ ಬೆಳೀರಿ ಅಂತ ಯಾರಿಗೂ ಹೇಳೋ ಮುಖ ನನಗಿಲ್ಲ, ಲೆಕ್ಕ ನನಗೂ ಗೊತ್ತು. ಆದ್ರೆ ಸರದ ಬುಡದ ಜೌಗು ಗದ್ದೆ, ಅಡಿಕೆ ಹಾಕಿದ್ರೂ ಬೇರು ಕೊಳೆಯೋ ಜಾಗ, ಅಂಥದ್ದು ಎಲ್ಲರ ಹತ್ರ ಒಂದೊಂದು ಇದೆ. ಅದನ್ನ ಜೆಸಿಬಿ ತಂದು ಬಸಿಗಾಲುವೆ ತೆಗೆದು ಒಣಗಿಸೋಕೆ ಹೋಗಬೇಡಿ. ನಾನು ನಂದನ್ನ ಹಾಗೇ ಬಿಟ್ಟಿದ್ದೀನಿ. ಆಗಸ್ಟಿನಲ್ಲಿ ಬಂದ್ರೆ ಕೆಂಪು ಚೆಂಡು ತೋರಿಸ್ತೀನಿ.

ಈಗ ಇದೆಲ್ಲ ಬರೆಯೋಕೆ ಕಾರಣ. ಹೊಳೆ ಸೇರೋ ಜಾಗಕ್ಕಿಂತ ಸ್ವಲ್ಪ ಮೇಲೆ, ತಿರುವಿನಲ್ಲಿ, ಮೂರನೇ ಚೆಕ್ ಡ್ಯಾಂ ಮಂಜೂರಾಗತ್ತೆ ಅಂತ ಸುದ್ದಿ. ಅದು ಎಲ್ಲದಕ್ಕಿಂತ ಕೆಳಗಿನದ್ದು. ಅಲ್ಲಿ ಮುಚ್ಚಿದ್ರೆ ಮೇಲಿನದ್ದೆಲ್ಲ ತೆರೆದೂ ಉಪಯೋಗ ಇಲ್ಲ. ಅರ್ಜಿಗೆ ಸಹಿ ಕೇಳೋಕೆ ಬಂದಿದ್ರು. ನಾನು ಬೇಡ ಅನ್ನಲಿಲ್ಲ, ಮೊದಲು ನಕ್ಷೆ ತೋರಿಸಿ ಅಂದೆ. ಕಿಂಡಿ ಹೊಸ್ತಿಲು ಹಳ್ಳದ ತಳಕ್ಕೆ ಸಮ ಇರಬೇಕು. ಕೆಳಗಡೆ ಹಾಸೋ ಕಾಂಕ್ರೀಟಿಗೆ ಕಲ್ಲು ಹುದುಗಿಸಬೇಕು, ನುಣ್ಣಗೆ ಬೇಡ. ಒಂದು ಬದಿಗೆ ಮೆಟ್ಟಿಲು ಎಸ್ಟಿಮೇಟಿನಲ್ಲೇ ಇರಬೇಕು. ಹಲಗೆ ಮೇ 25ರೊಳಗೆ ಯಾರು ತೆಗೆಯೋದು, ಅವರ ಹೆಸರು, ಅದಕ್ಕೆ ಎಷ್ಟು ಕೂಲಿ, ಅದೂ ಬರೆದಿರಬೇಕು. ಇಷ್ಟು ಇದ್ರೆ ಮೊದಲ ಸಹಿ ನಂದು. ಇಲ್ಲದಿದ್ರೆ ಗ್ರಾಮಸಭೇಲಿ ಎದ್ದು ನಿಂತು ವಿರೋಧ ಅಂತ ಬರೆಸ್ತೀನಿ. ಅಭಿವೃದ್ಧಿಗೆ ಅಡ್ಡಗಾಲು ಅಂತ ಈಗಾಗಲೇ ಹೆಸರು ಬಂದಾಗಿದೆ, ಪರವಾಗಿಲ್ಲ.

ಮತ್ತೆ ಬೆಂಗಳೂರಲ್ಲಿ ಇದ್ದು ಮೆಸೇಜು ಕಳಿಸೋರು ಮುಂದಿನ ಗ್ರಾಮಸಭೆಗೆ ಬನ್ನಿ. ನಿಮಗೂ ಇಲ್ಲೇ ಮತ ಇದೆಯಲ್ಲ.

ಕೆಳಗಿನ ಡ್ಯಾಂನಲ್ಲಿ ಇನ್ನೂ ಎರಡು ಕಿಂಡಿಯ ಹಲಗೆ ಕಚ್ಚಿಕೊಂಡು ಕೂತಿದೆ. ಪುನರ್ವಸು ಮಳೆಗೆ ಇನ್ನೊಂದು ಸಲ ಮೀನು ಹತ್ತೋದು ಉಂಟು. ಭಾನುವಾರ ನೀರು ಇಳಿದಿದ್ರೆ ಬೆಳಿಗ್ಗೆ ಏಳಕ್ಕೆ ಹೋಗ್ತಾ ಇದ್ದೀವಿ. ಅವತ್ತು ರಾತ್ರಿ ಕತ್ತಿ ಹಿಡಿದು ನಿಂತಿದ್ದ ಆರು ಜನರಲ್ಲಿ ಮೂರು ಜನ ಬರ್ತೀನಿ ಅಂದಿದ್ದಾರೆ. ಹಾರೆ ಎರಡಿದೆ, ಇನ್ನೊಂದು ಬೇಕು. ಹಗ್ಗ ನಾನು ತರ್ತೀನಿ.